ದರದ ಫಲಕ, ಉಡಿಯ ಅಕ್ಕಿ

ವಲಯ ಆಸ್ಪತ್ರೆಯ ಹೆಬ್ಬಾಗಿಲ ಮೇಲೆ ಒಂದು ದೊಡ್ಡ ಫಲಕವಿತ್ತು. ಸೋಮವಾರ ಬೆಳಿಗ್ಗೆ ಅದರ ಮೇಲಿನ ಅಂಕಿ ಬದಲಾಗುತ್ತಿತ್ತು. ಅಂಕಿ ಇಳಿದಿದ್ದರೆ ಬೆಟಗೇರಿಯ ಮಂದಿ ಚಹಾದಂಗಡಿಯಲ್ಲಿ ಇನ್ನೊಂದು ಚಹಾ ಹೇಳಿ ಕುಳಿತು ಹರಟುತ್ತಿದ್ದರು. ಏರಿದ್ದರೆ ಯಾರ ದೆಸೆಯಿಂದ ಏರಿತೆಂದು ವಾರವಿಡೀ ಹುಡುಕುತ್ತಿದ್ದರು. ಒಂದು ಕಾಲಕ್ಕೆ ಹತ್ತಿಯ ದರ, ಬಂಗಾರದ ದರ ಕೇಳಿಕೊಂಡು ತಿರುಗುತ್ತಿದ್ದ ಊರು ಅದು. ಈಗ ಹೆರಿಗೆ, ಹೃದಯದ ಚಿಕಿತ್ಸೆ, ರಕ್ತ ಹಾಕಿಸುವುದು, ಡಯಾಲಿಸಿಸ್, ಎಲ್ಲದರ ಖರ್ಚೂ ಆ ಒಂದು ಅಂಕಿಯಿಂದ ಗುಣಿಸಿ ಬರುತ್ತಿತ್ತು.

ಅಂಕಿಯನ್ನು ಹೇಳುತ್ತಿದ್ದುದು ತಕ್ಕಡಿ ಎಂಬ ಯಂತ್ರ. ತಕ್ಕಡಿಯ ಕೋಣೆಯ ಮುಖ್ಯಸ್ಥೆ ಮಹಾನಂದಾ ಮುಳಗುಂದ. ಲೆಕ್ಕದಲ್ಲಿ ಗಟ್ಟಿಗಿತ್ತಿ, ಮಾತಿನಲ್ಲಿ ಜಿಪುಣಿ.

ತಕ್ಕಡಿ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ವೈದ್ಯರ ತಪ್ಪಿನಿಂದ ಕೈಯೋ ಕಾಲೋ ಕಳೆದುಕೊಂಡವನು ಕೋರ್ಟಿಗೆ ಹೋದರೆ ತೀರ್ಪು ಅವನ ಮೊಮ್ಮಕ್ಕಳ ಕಾಲಕ್ಕೆ ಬರುತ್ತಿತ್ತು. ದಾವೆಯ ಭಯಕ್ಕೆ ವೈದ್ಯರು ದುಬಾರಿ ವಿಮೆ ಮಾಡಿಸುತ್ತಿದ್ದರು, ಬೇಕಿದ್ದದ್ದು ಬೇಡದ್ದು ಎಲ್ಲ ಪರೀಕ್ಷೆಗಳನ್ನೂ ಬರೆಯುತ್ತಿದ್ದರು. ಆ ಖರ್ಚೆಲ್ಲ ಸುತ್ತಿ ಬಳಸಿ ರೋಗಿಯ ತಲೆಯ ಮೇಲೇ ಬಂದು ಕೂರುತ್ತಿತ್ತು. ತಲೆನೋವೆಂದು ಹೋದವನು ಬಿಲ್ಲು ನೋಡಿ ಎದೆನೋವು ತಂದುಕೊಳ್ಳುತ್ತಿದ್ದ. ಕೊನೆಗೆ ಸರ್ಕಾರ ಹಂಚಿಕೆ ಕಾಯ್ದೆ ತಂದಿತು. ಇನ್ನು ಮೇಲೆ ಕೋರ್ಟಿಲ್ಲ, ವಕೀಲರಿಲ್ಲ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ನಡೆಯುವುದೆಲ್ಲ ದಾಖಲಾಗಿ ಮುದ್ರೆ ಬೀಳುತ್ತದೆ. ನೊಂದವರು ಬಂದು ದೂರು ಹೇಳಿದರೆ ತಕ್ಕಡಿ ಆ ದಾಖಲೆಯನ್ನು ಬಿಚ್ಚಿ, ವೈದ್ಯರದೆಷ್ಟು ತಪ್ಪು, ನರ್ಸಿನದೆಷ್ಟು, ಯಂತ್ರದ್ದೆಷ್ಟು ಎಂದು ತೂಗಿ ಹೇಳುತ್ತದೆ. ಪರಿಹಾರ ಮನೆ ಬಾಗಿಲಿಗೆ ಬರುತ್ತದೆ. ತಪ್ಪಿದ ಯಂತ್ರ ನಿಲ್ಲುತ್ತದೆ, ತಪ್ಪಿದವರು ಮತ್ತೆ ಕಲಿಯುತ್ತಾರೆ. ಪರಿಹಾರಕ್ಕೆ ತಗುಲಿದ್ದು ಆ ವಲಯದ ಎಲ್ಲ ರೋಗಿಗಳ ಮೇಲೂ ಹಂಚಿಹೋಗುತ್ತದೆ. ಫಲಕದ ಅಂಕಿ ಎಂದರೆ ಆ ಹಂಚಿಕೆಯೇ.

ಇದೆಲ್ಲದರಲ್ಲಿ ಒಂದು ಬೀಗವೂ ಇತ್ತು. ದೂರಿಲ್ಲದೆ ದಾಖಲೆ ತೆರೆಯಕೂಡದು. ತಮ್ಮ ಬೆನ್ನ ಹಿಂದೆ ಸದಾ ಕಣ್ಣಿಟ್ಟುಕೊಂಡರೆ ಕತ್ತರಿ ಹಿಡಿಯುವುದೇ ಇಲ್ಲವೆಂದು ವೈದ್ಯರು ಪಟ್ಟು ಹಿಡಿದಿದ್ದರು. ಆ ಬೀಗವನ್ನು ಬರೆದವಳು ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಹಾನಂದಾ. "ಪರಿಹಾರ ಮನೆಗೇ ಬರುತ್ತದೆ ಅಂದ ಮೇಲೆ ನೊಂದವರು ದೂರು ಕೊಡದೆ ಇರುತ್ತಾರೆಯೇ?" ಎಂದು ರಾಜಧಾನಿಯ ಸಭೆಯಲ್ಲಿ ಆಕೆ ಕೇಳಿದಾಗ ಎಲ್ಲರೂ ತಲೆದೂಗಿದ್ದರು. ಓಣಿಯೊಳಗಿನ ಹೆಣ್ಣುಮಕ್ಕಳನ್ನು ಯಾರಾದರೂ ಒಂದು ಮಾತು ಕೇಳಿದ್ದರೆ ಅಷ್ಟು ಸಲೀಸಾಗಿ ತಲೆದೂಗುತ್ತಿರಲಿಲ್ಲ.

ಕಾಯ್ದೆ ಬಂದ ಮೇಲೆ ಅಂಕಿ ವರ್ಷವರ್ಷವೂ ಇಳಿಯಿತು. ಚಿಕಿತ್ಸೆ ಅಗ್ಗವಾಯಿತು. ಬೆಟಗೇರಿಯ ವಲಯ ಎಲ್ಲಕ್ಕಿಂತ ಕೆಳಗಿನ ಅಂಕಿ ತೋರಿಸಿದಾಗ ಮಹಾನಂದಾಳನ್ನು ಕರೆಸಿ ಶಾಲು ಹೊದಿಸಿದರು. ಆಕೆ ಶಾಲನ್ನು ಮನೆಗೆ ತಂದು ಗಂಡನ ಹೆಗಲಿಗೆ ಹೊದಿಸಿದಳು. ಅದರ ಉಪಯೋಗ ಹೆಚ್ಚು ಇದ್ದದ್ದು ಅವನಿಗೇ. ಡಯಾಲಿಸಿಸ್ ಮುಗಿಸಿ ಬಂದ ದಿನ ಅವನಿಗೆ ಚಳಿ ಹತ್ತುತ್ತಿತ್ತು.

ಗಂಡ ಚನ್ನವೀರನದು ಅಜ್ಜನ ಕಾಲದ ಅಚ್ಚುಕೂಟ. ಅದರಲ್ಲಿ ಉಳಿದಿದ್ದುದು ಕಾಲಿನಿಂದ ತುಳಿದು ಓಡಿಸುವ ಒಂದು ಟ್ರೆಡಲ್ ಯಂತ್ರ. ಲಗ್ನಪತ್ರಿಕೆ ಮೊಳೆಯಚ್ಚಿನಲ್ಲೇ ಆಗಬೇಕು, ಬೆರಳಾಡಿಸಿದರೆ ಅಕ್ಷರ ಕೈಗೆ ಹತ್ತಬೇಕು ಎನ್ನುವ ಹಳೇ ಚಪಲದ ಮಂದಿ ಇನ್ನೂ ಇದ್ದರು. ಗಾಳಿಗೆ ಹಾರಿಹೋಗುವಂಥ ಮೈ ಇಟ್ಟುಕೊಂಡು ಅವನು ಪಡಸಾಲೆಯಲ್ಲಿ ಅದನ್ನು ತುಳಿಯುತ್ತಿದ್ದ. ಮೂತ್ರಪಿಂಡ ಕೈಕೊಟ್ಟು ವರ್ಷಗಳಾಗಿದ್ದರೂ ನಾಲಗೆ ಮಾತ್ರ ಚುರುಕಾಗಿಯೇ ಇತ್ತು.

"ನಿನ್ನ ತಕ್ಕಡಿ ಏನಂತು ಇವತ್ತ? ನನ್ನ ರಕ್ತ ಸೋವಿ ಆತೋ, ತುಟ್ಟಿ ಆತೋ?"

"ಸೋವಿ ಆಗೈತ್ರಿ."

"ಹಂಗಾದ್ರ ಒಂದು ಹೋಳಿಗಿ ಮಾಡು. ನೀ ತಿನ್ನು, ನಾ ನೋಡ್ತೀನಿ."

ಅವನಿಗೆ ಪಥ್ಯ. ಆ ಸಂಜೆ ಹೋಳಿಗೆಯ ಮಾತು ಬಂದದ್ದಕ್ಕೂ ಪಕ್ಕದ ಮನೆಯ ನೀಲವ್ವ ಬಾಗಿಲಲ್ಲಿ ಬಂದು ನಿಂತದ್ದಕ್ಕೂ ಸರಿಹೋಯಿತು. ಓಣಿಯಲ್ಲಿ ಯಾರ ಮನೆಯ ಒಲೆ ಹೊತ್ತಿಲ್ಲ ಎಂಬುದು ನೀಲವ್ವನಿಗೆ ಮೊದಲು ಗೊತ್ತಾಗುತ್ತಿತ್ತು. ಆ ಮನೆಗೆ ರೊಟ್ಟಿ ಹೋಗುತ್ತಿದ್ದುದೂ ಅವಳ ಕೈಯಿಂದಲೇ. ಮಗ ಸೊಸೆ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದವಳು ಮೊಮ್ಮಗಳು ಭಾಗಿ ಒಬ್ಬಳೇ. ಆ ಕೂಸಿನ ಮೈಯಲ್ಲಿ ರಕ್ತ ನಿಲ್ಲುತ್ತಿರಲಿಲ್ಲ, ತಿಂಗಳಿಗೊಮ್ಮೆ ಹಾಕಿಸಬೇಕು.

"ಅಕ್ಕಾರ, ಕಸ್ತೂರವ್ವಗ ಉಡಿ ತುಂಬೋದೈತಿ. ನೀವೊಬ್ರು ಎಂದೂ ಬರಂಗಿಲ್ಲ. ಇವತ್ತ ಬರಬೇಕ ನೋಡ್ರಿ."

ಉಡಿ ತುಂಬುವುದೆಂದರೆ ಬಸುರಿಗೆ, ಗಂಡನ ಮನೆಗೆ ಹೊರಟ ಮಗಳಿಗೆ. ಕಸ್ತೂರವ್ವನ ಹಿರಿಮಗಳಿಗೇ ಇಬ್ಬರು ಮಕ್ಕಳು. ಏನೋ ಹರಕೆಯಿರಬೇಕೆಂದುಕೊಂಡು ಮಹಾನಂದಾ ಸೀರೆ ಬದಲಿಸಿ ಹೊರಟಳು.

ಕಸ್ತೂರವ್ವನ ಮನೆ ನೇಕಾರರ ಮನೆ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ, ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯುತ್ತ ನೇಯುವುದು. ಆ ದಿನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಬಟ್ಟೆ ಮುಚ್ಚಿತ್ತು. ಕಸ್ತೂರವ್ವ ಮಣೆಯ ಮೇಲೆ ಕುಳಿತಿದ್ದಳು. ಬಲಗಾಲು ಉದ್ದಕ್ಕೆ ಚಾಚಿತ್ತು, ಬೇರೆ ಯಾರದೋ ಕಾಲನ್ನು ತಂದಿಟ್ಟ ಹಾಗೆ. ಹೆಣ್ಣುಮಕ್ಕಳು ಸಾಲಾಗಿ ಬಂದು ಕುಂಕುಮ ಹಚ್ಚಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣ ಇಟ್ಟು, ಬೊಗಸೆ ತುಂಬ ಅಕ್ಕಿಯನ್ನು ಅವಳ ಸೆರಗಿಗೆ ಹಾಕಿದರು. ಮಹಾನಂದಾಳ ಸರದಿಯೂ ಬಂತು. ತನ್ನ ಕೈ ಸಣ್ಣದೆನಿಸಬಾರದೆಂದು ಆಕೆ ಬೊಗಸೆಯನ್ನು ರಾಶಿ ತುಂಬಿಕೊಂಡೇ ಹಾಕಿದಳು.

ಎಲ್ಲ ಮುಗಿದ ಮೇಲೆ ನೀಲವ್ವ ಕಸ್ತೂರವ್ವನ ಗದ್ದ ಮುಟ್ಟಿ ಹೇಳಿದಳು: "ನಾವೆಲ್ಲಾರೂ ನಿನ್ನ ಹಿಂದ ಅದೀವಿ, ತಂಗಿ. ನೀರು ತರೂದು, ರೊಟ್ಟಿ ಬಡಿಯೂದು ನಮಗ ಬಿಡು. ಆದ್ರ ಒಂದು ಮಾತು ಹೊರಗ ಹಾಕಬ್ಯಾಡ. ಉಡಿ ತುಂಬಿಸಿಕೊಂಡಾಕಿ ನೀ."

ಕಸ್ತೂರವ್ವ ಸೆರಗನ್ನು ಗಂಟು ಹಾಕಿಕೊಂಡು ತಲೆಯಾಡಿಸಿದಳು.

ಮಹಾನಂದಾಳಿಗೆ ಏನೋ ಸರಿಯಿಲ್ಲ ಅನ್ನಿಸಿದ್ದು ಮನೆಗೆ ವಾಪಸು ಬರುವಾಗ. ಮುಂದೆ ಹೋಗುತ್ತಿದ್ದವಳೊಬ್ಬಳು ಬಲಗಾಲನ್ನು ಎಳೆದು ಹಾಕುತ್ತಿದ್ದಳು.

"ನೀಲವ್ವಾ, ಕಸ್ತೂರವ್ವಗ ಏನಾಗೈತಿ?"

"ಹೊಟ್ಟಿ ಆಪರೇಶನ್ ಮಾಡಿಸಿದ್ಲಲ್ರಿ. ಹೊಟ್ಟಿ ನೆಟ್ಟಗಾತು, ಕಾಲು ಸತ್ತು ಬಂತು. ಮಗ್ಗ ತುಳಿಯಾಕ ಬರವಲ್ದು. ಅಲ್ಲಿ ಹೊಂಟಾಳಲ್ಲ, ಆಕಿಗೂ ಹಂಗ ಆಗಿತ್ತು. ಹ್ವಾದ ವರ್ಷ ಉಡಿ ತುಂಬೀವಿ."

"ದೂರು ಕೊಟ್ಟಿಲ್ಲೇನು?"

ನೀಲವ್ವ ಗಕ್ಕನೆ ನಿಂತು ಆಕೆಯ ಮುಖ ನೋಡಿದಳು. ಹುಡುಗಾಟಕ್ಕೆ ಕೇಳುತ್ತಿದ್ದಾಳೋ ಹೇಗೆ ಎಂಬ ಅನುಮಾನ ಅವಳಿಗೆ.

"ದೂರು ಕೊಟ್ರ ಅಂಕಿ ಏರತೈತಲ್ರಿ? ನನ್ನ ಭಾಗಿಗೆ ಯಾರು ರಕ್ತ ಹಾಕಸ್ತಾರ? ಅದಕ್ಕ ಅಲ್ಲೇನು ಉಡಿ ತುಂಬೂದು! ನಿಮ್ಮ ಯಜಮಾನ್ರಿಗೂ ಅನುಕೂಲ ಆತಲ್ಲ ಅಕ್ಕಾರ. ನಿಮಗ ಗೊತ್ತಿರಬೇಕಂದಿದ್ದೆ ನಾನು."

ಮಹಾನಂದಾ ಬೊಗಸೆಯಲ್ಲಿ ಅಂಟಿಕೊಂಡಿದ್ದ ಒಂದೆರಡು ಕಾಳು ಅಕ್ಕಿಯನ್ನು ಎಲ್ಲಿ ಕೊಡವಬೇಕೆಂದು ತಿಳಿಯದೆ ಮನೆಯವರೆಗೂ ಹಾಗೇ ಹಿಡಿದುಕೊಂಡು ಬಂದಳು.

ತಕ್ಕಡಿಯ ಕೋಣೆ ತಂಪಾಗಿತ್ತು, ಒಳ್ಳೆಯ ಸುದ್ದಿ ಬಿಟ್ಟು ಇನ್ನೇನೂ ಅಲ್ಲಿ ಕಾಣುತ್ತಿರಲಿಲ್ಲ. ಮಾರನೆಯ ದಿನ ಅಲ್ಲಿ ಕುಳಿತು ಆಕೆ ಬೆಟಗೇರಿಯ ಓಣಿಗಳಿಂದ ಬಂದ ದೂರುಗಳನ್ನು ಹುಡುಕಿದಳು. ಒಂದೂ ಸಿಗಲಿಲ್ಲ. ಇಷ್ಟು ದಿನ ಇಳಿದದ್ದು ತಪ್ಪುಗಳಲ್ಲ, ದೂರುಗಳು. ಅದು ತಿಳಿದಾಗ ಆಕೆಗೆ ಆ ಶಾಲು ನೆನಪಾಗಿ ನಾಚಿಕೆಯಾಯಿತು. ರಾಜಧಾನಿಗೆ ಬರೆದಳು. ದೂರು ಕಡಿಮೆಯಾಗಿರುವುದೇ ಕಾಯ್ದೆಯ ಗೆಲುವು, ಈ ವಿಷಯವಾಗಿ ಮುಂದಿನ ಸಮ್ಮೇಳನದಲ್ಲಿ ತಾವೇ ಬಂದು ಮಾತನಾಡಬೇಕು ಎಂದು ಉತ್ತರ ಬಂತು.

ಆಗ ಆಕೆ ಶಸ್ತ್ರವೈದ್ಯೆ ಡಾಕ್ಟರ್ ಅಸ್ಮಾ ನದಾಫರನ್ನು ಹುಡುಕಿಕೊಂಡು ಹೋದಳು. ಕಸ್ತೂರವ್ವನ ಹೊಟ್ಟೆ ಕೊಯ್ದವರು ಅವರೇ. ವಿಷಯ ಕೇಳಿ ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ. ಖಾಲಿಯಿದ್ದ ಶಸ್ತ್ರಕ್ರಿಯೆಯ ಕೋಣೆಗೆ ಕರೆದುಕೊಂಡು ಹೋಗಿ ಮೇಜಿನ ಪಕ್ಕದಲ್ಲಿ ಮಡಚಿಕೊಂಡು ನಿಂತಿದ್ದ ಒಂದು ಉಕ್ಕಿನ ತೋಳನ್ನು ತೋರಿಸಿದರು.

"ಇದು ಹಿಡಿತೋಳು. ಹೊಟ್ಟಿ ಕೊಯ್ದ ಮ್ಯಾಲ ಗಾಯದ ಅಂಚು ಅಗಲ ಮಾಡಿ ಹಿಡಕೊಂಡು ನಿಲ್ಲಬೇಕಲ್ಲ ಮೇಡಂ, ಆ ಕೆಲಸ ಇದರದು. ಮೊದಲ ನರ್ಸುಗಳು ಹಿಡಕೊಂಡು ನಿಂದರ್ತಿದ್ರು. ಮನುಷ್ಯರ ಕೈ ಸೋಲತೈತಿ. ಸೋತಾಗ ಒಂದೀಟು ಸಡಿಲ ಬಿಡ್ತಾರ. ನೆಟ್ಟಗ ಹಿಡೀರಿ ಅಂತ ನಾವು ಬೈತಿದ್ವಿ. ಆ ಸಡಿಲದಾಗ ಒಳಗಿನ ನರಕ್ಕ ಉಸಿರು ಸಿಗ್ತಿತ್ತು ಅಂತ ಆಗ ನಮಗೂ ಗೊತ್ತಿರಲಿಲ್ಲ. ಇದಕ್ಕ ಸೋಲೂದ ಗೊತ್ತಿಲ್ಲ. ಹಿಡಿದದ್ದು ಹಿಡಿದಂಗ."

"ಎಲ್ಲಾರಿಗೂ ಹಿಂಗ ಆಗತೈತೇನು?"

"ದಪ್ಪ ಮೈಯವರಿಗೆ ಏನೂ ಆಗೂದಿಲ್ಲ. ಸಣಕಲು ಇದ್ದವರಿಗೆ ಇದರ ತುದಿ ಹೋಗಿ ಕಾಲಿನ ನರದ ಮ್ಯಾಲೇ ಕೂಡತೈತಿ. ಎಲ್ಲಾರಿಗೂ ಅಲ್ಲ, ಯಾರಿಗೆ ಅಂತ ಮೊದಲ ಗೊತ್ತಾಗೂದೂ ಇಲ್ಲ."

"ಗೊತ್ತಿದ್ದೂ ಯಾಕ ಬಳಸ್ತೀರಿ?" ಮಹಾನಂದಾಳ ದನಿ ಏರಿತು.

ನದಾಫರು ಸಿಟ್ಟಾಗಲಿಲ್ಲ. ಆಯಾಸದಿಂದ ಗೋಡೆಗೆ ಒರಗಿದರು. "ನಿಮ್ಮ ತಕ್ಕಡಿ ಇದರ ತಪ್ಪು ಸೊನ್ನಿ ಅಂತೈತಿ. ಸೊನ್ನಿ ತಪ್ಪಿನ ಯಂತ್ರ ಬಿಟ್ಟು ನಾ ಕೈಯಿಂದ ಮಾಡಿದ್ರ ಅದು ಕಾಯ್ದೆಯ ಹೊರಗ. ನಾಳೆ ಏನರ ಆದ್ರ ನನಗೂ ರಕ್ಷಣೆ ಇಲ್ಲ, ರೋಗಿಗೂ ಪರಿಹಾರ ಇಲ್ಲ. ನನಗ ಒಂದು ದೂರು ತಂದು ಕೊಡ್ರಿ ಮೇಡಂ. ಒಂದ ಒಂದು ಸಾಕು. ದಾಖಲೆ ಬಿಚ್ಚಿದ್ರ ತಕ್ಕಡಿಗೇ ಕಾಣತೈತಿ, ಅವತ್ತ ಇದನ್ನ ಮೂಲಿಗೆ ಹಾಕ್ತೀನಿ."

ಒಂದೇ ಒಂದು ದೂರು. ಮಹಾನಂದಾ ಅದೇ ಸಂಜೆ ಕಸ್ತೂರವ್ವನ ಮನೆಗೆ ಹೋದಳು. ಕಸ್ತೂರವ್ವ ಗೋಡೆಗೊರಗಿ ಕುಳಿತು ಯಾರದೋ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಮಗ್ಗ ಕೈಬಿಟ್ಟವಳಿಗೆ ಓಣಿಯವರು ಹುಡುಕಿಕೊಟ್ಟ ಕೆಲಸ. ತೋಳಿನ ವಿಷಯ, ಅದು ನಿಲ್ಲದಿದ್ದರೆ ಇನ್ನೂ ಎಷ್ಟು ಜನರ ಕಾಲು ಹೀಗಾಗುತ್ತದೆಂಬ ವಿಷಯ, ಎಲ್ಲವನ್ನೂ ಮಹಾನಂದಾ ಬಿಡಿಸಿ ಹೇಳಿದಳು. ಕಸ್ತೂರವ್ವ ಕುಚ್ಚು ಕಟ್ಟುತ್ತಲೇ ಕೇಳಿದಳು.

"ನೀವೂ ಒಂದು ಬೊಗಸಿ ಹಾಕಿದ್ರಲ್ಲ ಅಕ್ಕಾರ?"

ಮಹಾನಂದಾ ತಲೆ ತಗ್ಗಿಸಿದಳು.

"ನಾ ನೋಡೀನಿ. ಎಲ್ಲಾರಕಿಂತ ದೊಡ್ಡ ಬೊಗಸಿ ನಿಮ್ಮದ. ತಕ್ಕಡಿಯವರ ಹಾಕ್ಯಾರಂದ್ರ ಇನ್ನ ನನ್ನ ಮಾತು ಯಾರು ಕೇಳ್ತಾರ ಅಂತ ಅವತ್ತ ಗಂಟು ಹಾಕ್ಕೊಂಡೆ."

"ನನಗ ಅದರ ಅರ್ಥ ಗೊತ್ತಿರಲಿಲ್ಲ ಕಸ್ತೂರವ್ವಾ."

"ಇರಬೌದ್ರಿ. ಆದ್ರ ಆ ಅಕ್ಕಿ ಬೇಯಿಸಿ ಮನಿಮಂದೆಲ್ಲಾ ಉಂಡೀವಿ. ಉಂಡ ಮ್ಯಾಲ ಮಾತು ಹೆಂಗ ತಿರುಗಿಸ್ಲಿ? ಭಾಗಿನ ನಾ ಎತ್ತಿ ಆಡಿಸೀನಿ. ಆ ಕೂಸಿನ ಬಾಯಾಗ ಮಣ್ಣು ಹಾಕಿ ನಾ ಪರಿಹಾರ ತಗೊಳ್ಳೇನು?" ಅಷ್ಟು ಹೇಳಿ ಕಸ್ತೂರವ್ವ ಸತ್ತ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡು, ಬಂದವರಿಗೆ ಚಹಾ ಮಾಡಲು ಏಳತೊಡಗಿದಳು. ಮಹಾನಂದಾ ಬೇಡವೆಂದು ಕೈಮುಗಿದು ಹೊರಗೆ ಬಂದಳು. ಹಾಕಿದ ಬೊಗಸೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಯಾವ ಯಂತ್ರದಲ್ಲೂ ಇರಲಿಲ್ಲ.

ಇದಾಗಿ ಕೆಲವು ವಾರಗಳಿಗೆ ಚನ್ನವೀರನಿಗೆ ಆಸ್ಪತ್ರೆಯಿಂದ ಕರೆ ಬಂತು. ವರ್ಷಗಳಿಂದ ಕಾಯುತ್ತಿದ್ದ ಮೂತ್ರಪಿಂಡ ಸಿಕ್ಕಿತ್ತು, ರಕ್ತವೂ ಹೊಂದುತ್ತಿತ್ತು, ಕೂಡಲೇ ಬಂದು ಸೇರಿಕೊಳ್ಳಬೇಕು. ಈ ಸಲ ಒಲ್ಲೆನೆಂದರೆ ಅದು ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತದೆ, ಮತ್ತೆ ಅವನ ಸರದಿ ಬರುವುದು ಯಾವಾಗಲೋ. ಚನ್ನವೀರ ಮಗುವಿನಂತೆ ಹಿಗ್ಗಿದ. ಹೊಸ ಮೂತ್ರಪಿಂಡವನ್ನು ಕೂರಿಸುವುದು ಕಿಬ್ಬೊಟ್ಟೆಯಲ್ಲಿ, ಬಲಗಡೆ. ಅಂಚನ್ನು ಹಿಡಿಯುವುದು ಅದೇ ತೋಳು. ಅವನೋ ಎಲುಬು ಚರ್ಮದ ಮನುಷ್ಯ.

ಮಹಾನಂದಾ ಮುಚ್ಚಿಡಲಿಲ್ಲ. ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತ ಎಲ್ಲವನ್ನೂ ಹೇಳಿದಳು. ಅವನು ಟ್ರೆಡಲಿನ ಮೇಲೆ ಕೈಯಿಟ್ಟುಕೊಂಡು ನಿಂತ.

"ದಿನಾ ಬಿಟ್ಟು ದಿನಾ ಸೂಜಿ ಚುಚ್ಚಿಸಿಕೊಂಡು ಸಾಕಾಗೇದ ಮಹಾನಂದಾ. ಹೊಟ್ಟಿ ತುಂಬ ನೀರು ಕುಡದು ಎಷ್ಟು ವರ್ಷ ಆತು ಗೊತ್ತೇನು? ಹೋಗೂಣು. ಎಲ್ಲಾರಿಗೂ ಆಗೂದಿಲ್ಲ ಅಂತ ಡಾಕ್ಟರ ಹೇಳ್ಯಾರಲ್ಲ."

"ಆದ್ರ?"

"ಆದ್ರ ಒಂದ ಕಾಲಾಗ ಟ್ರೆಡಲ್ ತುಳಿಯೂದು ಕಲೀತೀನಿ." ನಗಿಸಲೆಂದೇ ಆಡಿದ ಮಾತು. ಇಬ್ಬರೂ ನಗಲಿಲ್ಲ.

ಶಸ್ತ್ರಕ್ರಿಯೆ ನಡೆಯುವಾಗ ಮಹಾನಂದಾ ಹೊರಗಿನ ಬೆಂಚಿನ ಮೇಲೆ ಕೂರಲಾರದೆ ತಕ್ಕಡಿಯ ಕೋಣೆಗೇ ಹೋಗಿ ಕುಳಿತಳು. ಒಳಗೆ ನಡೆಯುತ್ತಿದ್ದುದನ್ನು ನೋಡುವ ಅಧಿಕಾರ ಆಕೆಗೂ ಇರಲಿಲ್ಲ. ಪ್ರತಿಯೊಂದು ಯಂತ್ರದ ಹೆಸರಿನ ಮುಂದೆ ಒಂದೊಂದು ದೀಪ ಮಾತ್ರ ಕಾಣುತ್ತಿತ್ತು. ತಪ್ಪಿಲ್ಲದ ಯಂತ್ರಕ್ಕೆ ಹಸಿರು, ತಪ್ಪಿದ ಯಂತ್ರಕ್ಕೆ ಕೆಂಪು. ಹಿಡಿತೋಳಿನ ದೀಪ ಹಸಿರಾಗಿತ್ತು. ನದಾಫರು ತಮ್ಮ ಕೈಲಾದಷ್ಟು ಮಾಡುತ್ತೇನೆ, ನಡುನಡುವೆ ತೋಳನ್ನು ಎತ್ತಿಸಿ ಇಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಆದರೆ ರಕ್ತನಾಳ ಹೊಲಿಯುವಾಗ ಅದನ್ನು ಅಲುಗಿಸುವಂತಿಲ್ಲ ಎಂದೂ ಹೇಳಿದ್ದರು. ಮಹಾನಂದಾ ಆ ಹಸಿರು ದೀಪವನ್ನೇ ನೋಡುತ್ತ ಕುಳಿತಳು. ಜನ್ಮದಲ್ಲಿ ಮೊದಲ ಸಲ, ಅದು ಕೆಂಪಾಗಲಿ ಎಂದು ಹಾರೈಸಿದಳು. ಅದು ಕೊನೆಯವರೆಗೂ ಹಸಿರಾಗಿಯೇ ಇತ್ತು.

ಮೂತ್ರಪಿಂಡ ಚೆನ್ನಾಗಿ ಹತ್ತಿತು. ಚನ್ನವೀರ ಚೊಂಬು ಎತ್ತಿ ಗಟಗಟನೆ ನೀರು ಕುಡಿದು ಅತ್ತುಬಿಟ್ಟ. ಆಮೇಲೆ ಮಂಚದಿಂದ ಇಳಿಯಲು ಹೋದವನು ಹಾಗೇ ಕುಸಿದ. ಬಲಗಾಲು ಅವನ ಮಾತು ಕೇಳಲಿಲ್ಲ. ವಾರಗಳು ಕಳೆದರೂ ಕೇಳಲಿಲ್ಲ. ಮನೆಗೆ ಬಂದ ದಿನ ಅವನನ್ನು ಒಳಕೋಣೆಗೆ ಎತ್ತಿಕೊಂಡು ಹೋಗುವಾಗ ಟ್ರೆಡಲಿನ ಮೇಲೆ ಮುಚ್ಚಿದ್ದ ಬಟ್ಟೆಯ ಕಡೆ ಅವನು ನೋಡಲಿಲ್ಲ. ನೋಡದೆ ಇದ್ದದ್ದು ಮಹಾನಂದಾಳಿಗೆ ಕಂಡಿತು.

"ನಾಳೆ ದೂರು ಕೊಡೋದೇನು?" ಎಂದು ಆಕೆ ಕೇಳಿದಳು. ಈಗ ಆಕೆಯೇ ನೊಂದವರ ಕಡೆಯವಳು. ಬಾಯಿ ಬಿಟ್ಟರೆ ಸಾಕಿತ್ತು.

"ನೋಡೂಣು," ಎಂದ ಚನ್ನವೀರ, ಗೋಡೆಯ ಕಡೆ ತಿರುಗಿ. ಅವನು ಇಷ್ಟು ಚಿಕ್ಕ ಮಾತಾಡಿದ್ದು ಅದೇ ಮೊದಲು.

ನಾಳೆಯಾಗುವ ಮೊದಲೇ ಓಣಿಯವರು ಬಂದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲವ್ವ ಮುಂದೆ, ಹಿಂದೆ ತಟ್ಟೆ ಹಿಡಿದ ಹೆಣ್ಣುಮಕ್ಕಳು. ಯಾರನ್ನೂ ಒಳಗೆ ಬರಬೇಡಿರೆನ್ನಲು ಆಗದು. ಅವರೇ ಮಣೆ ಹಾಕಿದರು, ಅವರೇ ಕೈಹಿಡಿದು ಕೂರಿಸಿದರು. ನೀಲವ್ವ ಕುಂಕುಮವಿಟ್ಟು, ಮಹಾನಂದಾಳ ಸೆರಗನ್ನು ತಾನೇ ಹರಡಿ ಅವಳ ಕೈಗೆ ಕೊಟ್ಟಳು.

"ಗಂಡ ಉಳದು ಬಂದಾನ, ಅದು ದೊಡ್ಡದು. ಮುತ್ತೈದಿತನ ಗಟ್ಟಿ ಆಗ್ಲಿ," ಎಂದು ಮೊದಲ ಬೊಗಸೆ ಹಾಕಿದಳು. ಆಮೇಲೆ ದನಿ ತಗ್ಗಿಸಿ, ಬೇಡಿಕೊಳ್ಳುವ ಹಾಗೆ ಹೇಳಿದಳು: "ಸಿಟ್ಟು ಬರತೈತಿ ಅಕ್ಕಾರ, ನನಗ ಗೊತ್ತೈತಿ. ಆದ್ರ ನಿಮ್ಮ ಯಜಮಾನ್ರಿಗೆ ಇನ್ನ ಡಯಾಲಿಸಿಸ್ ಇಲ್ಲ. ನಿಮಗ ಆ ಫಲಕದ ಹಂಗು ಹರೀತು. ನಮಗೈತಿ."

ಆ ಮಾತು ಮಹಾನಂದಾಳಿಗೆ ಚುಚ್ಚಿತು. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಅಂಕಿ ಇಳಿಯಬೇಕಾಗಿದ್ದಾಗ ಆಕೆಯೂ ಬೊಗಸೆ ಹಾಕಿದ್ದಳು. ಈಗ ಏರಿದರೂ ಆಕೆಗೆ ಅಷ್ಟು ಬಾಧೆಯಿಲ್ಲ, ಬಾಯಿ ಬಿಡಬಹುದು. ಇದೆಂಥ ನ್ಯಾಯ! ಒಂದಾದ ಮೇಲೊಂದು ಬೊಗಸೆ ಬಿತ್ತು. ಸೆರಗು ಭಾರವಾಗುತ್ತ ಹೋಯಿತು. ತುಂಬಿದ ಉಡಿಯನ್ನು ಗಂಟು ಹಾಕುವ ಮೊದಲು ಎದ್ದರೆ ಅಕ್ಕಿ ಚೆಲ್ಲುತ್ತದೆ. ಉಡಿಯ ಅಕ್ಕಿ ನೆಲಕ್ಕೆ ಚೆಲ್ಲಿದರೆ ಗಂಡನ ಆಯುಷ್ಯ ಚೆಲ್ಲಿದ ಹಾಗೆ ಎಂದು ಆಕೆಯ ತಾಯಿ ಹೇಳುತ್ತಿದ್ದಳು. ಲೆಕ್ಕದ ಹೆಂಗಸಾದ ಆಕೆ ಅದನ್ನೆಲ್ಲ ಎಂದೂ ನಂಬಿದವಳಲ್ಲ. ಆದರೂ ಸೆರಗು ಹಿಡಿದ ಬೆರಳು ಬಿಗಿಯಾಗಿದ್ದವು.

ಕೊನೆಯಲ್ಲಿ ಕಸ್ತೂರವ್ವ ಬಂದಳು, ಕಾಲೆಳೆಯುತ್ತ, ಗೋಡೆ ಹಿಡಿಯುತ್ತ. ತಟ್ಟೆಯಿಂದ ಬೊಗಸೆ ತುಂಬಿಕೊಂಡು ಮಹಾನಂದಾಳ ಮುಂದೆ ನಿಂತಳು. ಹಾಕಲಿಲ್ಲ. ಸುಮ್ಮನೆ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಈಕೆ ಈಗ ಏನು ಮಾಡುತ್ತಾಳೆ ಎಂದು ತಿಳಿದುಕೊಳ್ಳುವ ಆಸೆಯಿತ್ತು.

ಒಳಕೋಣೆಯಿಂದ ಚನ್ನವೀರನ ದನಿ ಬಂತು.

"ಮಹಾನಂದಾ, ಏಳು."

ಹೆಣ್ಣುಮಕ್ಕಳೆಲ್ಲ ಆ ಕಡೆ ತಿರುಗಿದರು.

"ಅಕ್ಕಿ ಚೆಲ್ಲತೈತ್ರಿ," ಎಂದಳು ಮಹಾನಂದಾ.

"ಚೆಲ್ಲಲಿ. ನನ್ನ ಆಯುಷ್ಯ ಅಲ್ಲೇನು, ನಾ ಹೇಳ್ತೀನಿ. ಏಳು."

ಆಕೆ ಎದ್ದಳು. ಅಕ್ಕಿ ಸರಸರನೆ ಜಾರಿ ಮಣೆಯ ಮೇಲೆ, ಕಾಲ ಮೇಲೆ, ಪಡಸಾಲೆಯ ಉದ್ದಕ್ಕೂ ಹರಡಿತು. ಕೊಬ್ಬರಿ ಬಟ್ಟಲೊಂದು ಉರುಳಿಕೊಂಡು ಹೋಗಿ ಟ್ರೆಡಲಿನ ಕೆಳಗೆ ನಿಂತಿತು. ಯಾರೋ ಅಯ್ಯೋ ಎಂದರು. ನೀಲವ್ವ ಮೊಣಕಾಲೂರಿ ಕುಳಿತು, ಬಿಕ್ಕುತ್ತ, ಚೆಲ್ಲಿದ ಅಕ್ಕಿಯನ್ನು ಎರಡೂ ಕೈಯಿಂದ ಬಳಿಯತೊಡಗಿದಳು. ಕಸ್ತೂರವ್ವ ತನ್ನ ಬೊಗಸೆಯನ್ನು ತಟ್ಟೆಗೇ ಸುರಿದು ಕೈ ಕೊಡವಿಕೊಂಡಳು.

"ನಡೀರಿ ಅಕ್ಕಾರ," ಎಂದಳು. "ನಾನೂ ಬರ್ತೀನಿ. ಉಂಡದ್ದರ ಋಣ ಆಮ್ಯಾಲ ನೋಡೂಣು."

ಮಾರನೆಯ ಬೆಳಿಗ್ಗೆ ಇಬ್ಬರೂ ದೂರು ಹೇಳಿದರು. ಬೀಗ ತೆರೆಯಿತು. ತಕ್ಕಡಿ ಎರಡೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿತು. ತೋಳು ಒಮ್ಮೆಯೂ ಸಡಿಲಾಗದೆ ಒಂದೇ ಜಾಗವನ್ನು ಒತ್ತಿ ಹಿಡಿದದ್ದು ಅದಕ್ಕೆ ಕಾಣಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಸಿರು ದೀಪ ಕೆಂಪಾಯಿತು. ನದಾಫರು ಮಾತಿನಂತೆ ತೋಳನ್ನು ಮೂಲೆಗೆ ಹಾಕಿಸಿ, ಅಂಚು ಹಿಡಿಯಲು ಇಬ್ಬರು ನರ್ಸುಗಳನ್ನು ಕರೆಸಿಕೊಂಡರು. ಕೈ ಸೋತರೆ ಹೇಳಿ, ನಾಚಿಕೊಳ್ಳಬೇಡಿ ಎಂದು ಅವರಿಗೆ ಹೇಳಿದರಂತೆ. ಸುದ್ದಿ ಹಬ್ಬಿತು. ಕಾಲೆಳೆಯುತ್ತಿದ್ದ ಮತ್ತೊಬ್ಬಳು ಬಂದಳು, ಇನ್ನೊಂದು ಓಣಿಯಿಂದ ಮತ್ತಿಬ್ಬರು ಬಂದರು. ಅವರನ್ನು ಕಂಡು, ತೋಳಿಗೆ ಸಂಬಂಧವೇ ಇಲ್ಲದ ಹಳೆಯ ನೋವುಗಳನ್ನು ಗಂಟು ಕಟ್ಟಿಕೊಂಡಿದ್ದವರೂ ಗಂಟು ಬಿಚ್ಚಿದರು. ಎಷ್ಟೋ ವರ್ಷಗಳಿಂದ ತೂಗದೆ ಬಿಟ್ಟದ್ದೆಲ್ಲ ಒಮ್ಮೆಲೇ ತಕ್ಕಡಿಗೆ ಬಂದು ಬಿತ್ತು.

ಸೋಮವಾರ ಫಲಕದ ಅಂಕಿ ಏರಿತು. ಅಷ್ಟು ಏರಿದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಹೆಬ್ಬಾಗಿಲ ಮುಂದೆ ಜನ ಗುಂಪುಗೂಡಿ ಕತ್ತೆತ್ತಿ ನಿಂತಿದ್ದರು. ಮುದುಕನೊಬ್ಬ ತನ್ನ ಹೆಂಡತಿಯ ತೋಳು ಹಿಡಿದು, ಒಳಗೆ ಹೋಗದೆ ಹಾಗೇ ತಿರುಗಿ ಬಸ್ ನಿಲ್ದಾಣದ ಕಡೆ ನಡೆದ. ಮಹಾನಂದಾ ಕೆಲಸಕ್ಕೆ ಬಂದಾಗ ಗುಂಪು ಅವಳಿಗೆ ದಾರಿ ಬಿಟ್ಟಿತು. ಆ ದಾರಿ ಗೌರವದ್ದಾಗಿರಲಿಲ್ಲ.

ಗೇಟಿನ ಪಕ್ಕದಲ್ಲಿ ನೀಲವ್ವ ನಿಂತಿದ್ದಳು. ಭಾಗಿ ಅವಳ ಹೆಗಲಿಗೆ ತಲೆಯಿಟ್ಟಿದ್ದಳು. ಕೂಸಿನ ತುಟಿ ಬಿಳಿಚಿಕೊಂಡಿತ್ತು, ರಕ್ತ ಹಾಕಿಸುವ ದಿನ ಬಂದಿತ್ತು.

"ಈಗ ಈಕಿ ಗತಿ ಏನ್ರಿ ಅಕ್ಕಾರ?"

ಬೈಯಲಿಲ್ಲ, ಶಾಪ ಹಾಕಲಿಲ್ಲ. ಕೇಳಿದಳು ಅಷ್ಟೆ. ಮಹಾನಂದಾ ಹಾಸಿಗೆಯಲ್ಲಿ ಹೊರಳಾಡುತ್ತ ಉತ್ತರಗಳನ್ನು ಜೋಡಿಸಿಕೊಂಡೇ ಬಂದಿದ್ದಳು. ಕೆಟ್ಟ ಯಂತ್ರ ನಿಂತಿದೆ, ಇನ್ನು ಹೊಸ ತಪ್ಪುಗಳಾಗುವುದಿಲ್ಲ, ವರ್ಷದೊಳಗೆ ಅಂಕಿ ತಾನಾಗಿ ಇಳಿಯುತ್ತದೆ, ಹಂಚಿಕೆಯ ರೀತಿಯೇ ಬದಲಾಗಬೇಕೆಂದು ರಾಜಧಾನಿಗೆ ಬರೆದಾಗಿದೆ. ಎಲ್ಲವೂ ನಿಜವಾದ ಉತ್ತರಗಳೇ. ಭಾಗಿಗೆ ರಕ್ತ ಬೇಕಾಗಿದ್ದುದು ಇವತ್ತು.

"ಈ ತಿಂಗಳದ್ದು ನಾ ಕಟ್ತೀನಿ ನೀಲವ್ವಾ."

"ನೀವು ಕಟ್ತೀರಿ. ಮುಂದಿನ ತಿಂಗಳ? ಇಲ್ಲಿ ನಿಂತಾರಲ್ಲ ಇಷ್ಟು ಮಂದಿ, ಇವರದು?"

ಮಹಾನಂದಾ ಗುಂಪಿನ ಕಡೆ ನೋಡಿದಳು. ತಪ್ಪಿನ ಭಾರವನ್ನು ಎಲ್ಲರಿಗೂ ಹಂಚುವ ಲೆಕ್ಕವನ್ನು ಆಕೆ ಬಲ್ಲಳು. ಅದು ಯಾರ ಬೆನ್ನು ಮುರಿಯುತ್ತದೆ ಎಂಬುದನ್ನು ಇಷ್ಟು ಹತ್ತಿರ ನಿಂತು ನೋಡಿರಲಿಲ್ಲ. ಕೊರಳಲ್ಲಿದ್ದ ಗುರುತಿನ ಬಿಲ್ಲೆಯನ್ನು ತೆಗೆದು ಚೀಲಕ್ಕೆ ಹಾಕಿದಳು. ಭಾಗಿಯ ರಕ್ತಕ್ಕೆ ಕಟ್ಟಲೆಂದು ತಂದಿದ್ದ ದುಡ್ಡನ್ನು ಮೊದಲ ಬೊಗಸೆಯಂತೆ ಸೆರಗಿಗೆ ಹಾಕಿಕೊಂಡು, ಸೆರಗನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು, ಫಲಕದ ಕೆಳಗೆ, ಬರುವವರು ಹೋಗುವವರು ಎಲ್ಲರಿಗೂ ಕಾಣುವ ಹಾಗೆ ನಿಂತಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಕೆಯ ಮುಖ ಕೆಂಪಾಯಿತು. ನೀಲವ್ವ ಬೇಡ ಎನ್ನಲಿಲ್ಲ, ಹತ್ತಿರವೂ ಬರಲಿಲ್ಲ.

ಮೊದಲು ಬಂದವನು ಫಲಕವನ್ನು ನೋಡಿದ, ಸೆರಗನ್ನು ನೋಡಿದ, ತಲೆ ತಗ್ಗಿಸಿಕೊಂಡು ಒಳಗೆ ಹೋದ. ಎರಡನೆಯವಳೂ ಹಾಗೇ ಹೋದಳು. ಮಹಾನಂದಾ ಸೆರಗನ್ನು ಮಡಚಲಿಲ್ಲ. ಕೈ ಸೋಲುತ್ತಿತ್ತು. ಸೋತಾಗ ಒಂದಿಷ್ಟು ಸಡಿಲ ಬಿಟ್ಟು, ಮತ್ತೆ ಹಿಡಿದಳು.